ಅರಿಸಿನ ಕೊಂಬು ಮತ್ತು ಡೀಸೆಲ್ ಕಾರು

ನಮ್ಮ ಮನೆಯಲ್ಲಿ ಎತ್ತು ಕಟ್ಟುವ ಜಾಗದಲ್ಲಿ ಕಾರು ನಿಲ್ಲುತ್ತಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಸಂದಿಯೊಂದರಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ಬೀದಿಗೆ ದೊಡ್ಡ ಬಾಗಿಲು, ಬಾಗಿಲು ದಾಟಿದರೆ ದನದ ಅಂಕಣ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರು. ಅಜ್ಜ ಇದ್ದಾಗ ಅಂಕಣದಲ್ಲಿ ಎರಡು ಜೋಡಿ ಎತ್ತು ಇದ್ದವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜನೂ ಇರಲಿಲ್ಲ, ಎತ್ತೂ ಇರಲಿಲ್ಲ. ಗೋದಲಿಗೆ ಮೂತಿ ಹಚ್ಚಿಕೊಂಡು ಕರಿ ಬಣ್ಣದ ಉದ್ದನೆಯ ಕಾರು ನಿಂತಿರುತ್ತಿತ್ತು. ಅಜ್ಜಿಗೆ ಅದರ ಮೇಲೆ ಸಿಟ್ಟು. ಮನೆ ಸಾರಿಸಲು ಪಕ್ಕದವರಿಂದ ಸಗಣಿ ಕೇಳಿ ತರುವ ಹಂಗು ಬಂದದ್ದು ಆ ಕಾರಿನಿಂದ ಎಂದು ದಿನಾ ಬೆಳಗ್ಗೆ ಅಂಕಣ ಗುಡಿಸುತ್ತಾ ಬೈಯುತ್ತಿದ್ದಳು.

"ನಾಕ ಕಾಲಿನ ದನ ಕಟ್ಟಿದ್ರ ಹಾಲು ಬರತೈತಿ, ಸಗಣಿ ಬರತೈತಿ. ಇದನ್ನ ಕಟ್ಟಿದ್ರ ಏನ ಬರತೈತಪ? ಹೊಗಿ ಬರತೈತಿ!"

ಕಾರು ಅಪ್ಪನೊಬ್ಬನದಲ್ಲ. ಅರ್ಧ ಅಪ್ಪನದು, ಅರ್ಧ ಪೇಟೆಯ ಹತ್ತಿ ವ್ಯಾಪಾರಿ ಶೆಟ್ಟರದು. ಅಪ್ಪನೇ ಡ್ರೈವರು. ಒಂದು ದಿನ ಕುರುಗೋಡಿಗೆ, ಒಂದು ದಿನ ಸಿರುಗುಪ್ಪಕ್ಕೆ ಜನ ಹೇರಿಕೊಂಡು ಹೋಗುತ್ತಿದ್ದ. ಐದು ಜನ ಕೂರುವಲ್ಲಿ ಒಂಬತ್ತು ಜನ. ತೆಕ್ಕಲಕೋಟೆ ಬರುವಷ್ಟರಲ್ಲಿ ಯಾರ ಕಾಲು ಯಾರದೆಂದು ತಿಳಿಯುತ್ತಿರಲಿಲ್ಲ ಎಂದು ಜನ ನಗುತ್ತಿದ್ದರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಆ ಕಾರು ಬೆನ್ನಿಗೆ ಇದ್ದಲಿ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದ ಓಡಿತ್ತು. ಆಮೇಲೆ ಪೆಟ್ರೋಲು ಸಿಕ್ಕಿತು, ಆದರೆ ಅದರ ಹೊಟ್ಟೆಗೆ ಹಾಕಿ ಪೂರೈಸಲಾಗಲಿಲ್ಲ. ಆಗ ಅವ್ವನ ತಮ್ಮ, ನಮ್ಮ ಈರಣ್ಣ ಮಾಮ, ಮದ್ರಾಸಿಗೆ ಹೋಗಿ ಸಣ್ಣದೊಂದು ಡೀಸೆಲ್ ಎಂಜಿನ್ ತಂದ. ಒಂದು ಬೇಸಿಗೆಯೆಲ್ಲ ಅಂಕಣದಲ್ಲಿ ಅಂಗಾತ ಮಲಗಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿದ. ಬಳ್ಳಾರಿಯಲ್ಲಿ ಲಾರಿಗೆ ಡೀಸೆಲ್ ಎಂದರೆ ಜನರಿಗೆ ಗೊತ್ತಿತ್ತು, ಕಾರಿಗೆ ಡೀಸೆಲ್ ಎಂದರೆ ನಗುತ್ತಿದ್ದರು. ಶೆಟ್ಟರು ಕೂಡ ಮೂಗು ಮುರಿದಿದ್ದರು. ಅಪ್ಪ ಮಾತ್ರ ಪಡಸಾಲೆಯಲ್ಲಿ ನಿಂತು ಮಾಮನ ಬೆನ್ನು ತಟ್ಟಿ ಹೇಳಿದ್ದು ನನ್ನ ಕಿವಿಯಲ್ಲಿದೆ.

"ಕೈ ನಿಂದು, ಹೆಸರು ನಂದು. ಏನಾದ್ರೂ ಆಗಲಿ, ಇಬ್ರೂ ಕೂಡೇ ನಿಲ್ಲೋಣು."

ಮಾಮನ ಊರು ಸಿರುಗುಪ್ಪ. ಕೆಲಸ ಕಲಿತದ್ದು ಮದ್ರಾಸಿನಲ್ಲಿ, ಇದ್ದದ್ದು ನಮ್ಮಲ್ಲಿ. ಅಕ್ಕನ ಮನೆಯಲ್ಲಿ ಉಣ್ಣುವ ತಮ್ಮ ಎಂದು ಅಜ್ಜಿ ಆಗಾಗ ಚುಚ್ಚುತ್ತಿದ್ದಳು. ಅವನು ನಕ್ಕು ಇನ್ನೊಂದು ರೊಟ್ಟಿ ಕೇಳುತ್ತಿದ್ದ. ಬೂದಿ ಮತ್ತು ಸೀಮೆಎಣ್ಣೆಯಿಂದ ಮೊಳಕೈವರೆಗೆ ತಿಕ್ಕಿ ತೊಳೆದುಕೊಂಡರೂ ಅವನ ಉಗುರಿನ ಕಪ್ಪು ಹೋಗುತ್ತಿರಲಿಲ್ಲ. ಆ ಕೈಯಿಂದ ಪುಂಡಿಪಲ್ಯ, ಶೇಂಗಾ ಚಟ್ನಿ ಕಲಸಿಕೊಂಡು ಉಣ್ಣುವುದನ್ನು ನೋಡಿ ಅಜ್ಜಿ ಮುಖ ತಿರುಗಿಸುತ್ತಿದ್ದಳು, ಅವ್ವ ಮಾತ್ರ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚೇ ಇಡುತ್ತಿದ್ದಳು. ಅಪ್ಪ ಮನೆಯಲ್ಲಿದ್ದರೆ ಬೆಣ್ಣೆ ಎಲ್ಲರಿಗೂ ಸಮನಾಗಿ ಬೀಳುತ್ತಿತ್ತು. ಅಪ್ಪ ಉಣ್ಣುವಾಗ ಯಾರೂ ಮಾತಾಡುವಂತಿರಲಿಲ್ಲ. ಮಾಮ ಉಣ್ಣುವಾಗ ಯಾರೂ ಸುಮ್ಮನಿರುತ್ತಿರಲಿಲ್ಲ. ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಜಿನ್ನಿನ ಸಂಗತಿ ಹೇಳುತ್ತಿದ್ದ. ಹುಡುಗಿಗೆ ಯಾಕೆ ಇವೆಲ್ಲ ಎಂದು ಅಜ್ಜಿ ಕೇಳಿದರೆ, ಕಿವಿಗೆ ಹೆಣ್ಣು ಗಂಡು ಐತೇನಮ್ಮಾ ಎನ್ನುತ್ತಿದ್ದ.

ನಿಜಕ್ಕೂ ಆ ಎಂಜಿನ್ನಿನ ಸದ್ದು ನಮ್ಮ ಮನೆಯ ಸದ್ದೇ ಆಗಿತ್ತು. ಬೆಳಗ್ಗೆ ಅಪ್ಪ ಚಾಲೂ ಮಾಡಿ ಬಿಸಿಯಾಗಲೆಂದು ನಿಂತಲ್ಲೇ ಬಿಡುತ್ತಿದ್ದ. ಅದು ನಿಧಾನಕ್ಕೆ, ಉಬ್ಬಸದ ಮುದುಕನ ಹಾಗೆ ಗುಡುಗುಡು ಎನ್ನುತ್ತಿತ್ತು. ಅಂಕಣದ ಕಂಬ ನಡುಗಿ, ಪಡಸಾಲೆಯ ಗೂಡಿನಲ್ಲಿಟ್ಟ ಹಿತ್ತಾಳೆಯ ತಂಬಿಗೆ ಮುಚ್ಚಳದ ಸಮೇತ ಗಿಣಿಗಿಣಿ ಎನ್ನುತ್ತಿತ್ತು. ಕಾಲಿನಲ್ಲಿ ತುಳಿದು ಜೋರು ಮಾಡಿದರೆ ತಂಬಿಗೆ ಸುಮ್ಮನಾಗುತ್ತಿತ್ತು. ಇದನ್ನು ಕಂಡುಹಿಡಿದವಳು ನಾನು. ಮಾಮನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಪಡಸಾಲೆಗೆ ಬಂದು, ತಂಬಿಗೆಯ ಮುಂದೆ ನಿಂತು ಕೇಳಿ, ಹೌದು ಎಂದು ತಲೆಯಾಡಿಸಿದ. ದೊಡ್ಡವರೊಬ್ಬರು ನನ್ನ ಮಾತನ್ನು ಪರೀಕ್ಷೆ ಮಾಡಿ ನಿಜವೆಂದು ಒಪ್ಪಿದ್ದು ಅದೇ ಮೊದಲು. ಅವತ್ತಿನಿಂದ ಅವನು ಯಾರಿಗಾದರೂ ಪರಿಚಯ ಮಾಡಿಸುವಾಗ "ನಮ್ಮ ಶಾರಿ, ಸುಳ್ಳ ಹೇಳಾಕ ಬರಂಗಿಲ್ಲ ಈಕಿಗೆ" ಎನ್ನುತ್ತಿದ್ದ. ನಾನು ಕೋಳಿಯ ಹಾಗೆ ಉಬ್ಬುತ್ತಿದ್ದೆ.

ಮಹಾನವಮಿಯ ಆಯುಧಪೂಜೆಯಲ್ಲಿ ನಮ್ಮ ಮನೆಗೆ ಒಂದು ಪದ್ಧತಿ ಇತ್ತು. ಅರಿಸಿನ ಹಚ್ಚಿದ ದಾರಕ್ಕೆ ಒಂದು ಅರಿಸಿನ ಕೊಂಬು ಕಟ್ಟಿ, ಅದನ್ನು ಕಂಕಣವೆಂದು ಬೀಸುವ ಕಲ್ಲಿಗೆ, ಒನಕೆಗೆ, ಮೊರಕ್ಕೆ, ಮಾಮನ ಪಾನಾಗಳಿಗೆ, ನನ್ನ ಶಾಲೆಯ ಪಾಟಿಗೂ ಕಟ್ಟುವುದು. ಕಟ್ಟಿದ್ದನ್ನು ಶೀಗೆ ಹುಣ್ಣಿಮೆಯವರೆಗೆ ಬಿಚ್ಚುವಂತಿಲ್ಲ. ಅಜ್ಜ ಸತ್ತ ವರ್ಷ ಯಾರೋ ಮೂರೇ ದಿನಕ್ಕೆ ಎತ್ತಿನ ನೊಗದ ಕಂಕಣ ಬಿಚ್ಚಿದ್ದರು ಎಂಬುದು ಅಜ್ಜಿಯ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ಹೇಳಹೊರಟ ವರ್ಷ ಅಜ್ಜಿಯ ಬೆರಳು ಸಂದುನೋವಿನಿಂದ ಮಡಚಲು ಬಾರದೆ, ಗಂಟು ಹಾಕುವ ಕೆಲಸ ನನಗೆ ಬಂತು. ಮಾಮ ಹಬ್ಬಕ್ಕೆಂದು ಸಿರುಗುಪ್ಪಕ್ಕೆ ಹೋಗಿದ್ದ. ತಟ್ಟೆ ಹಿಡಿದು ಕಾರಿನ ಮುಂದೆ ನಿಂತು ಅದರ ಮುಂದಿನ ದೀಪಕ್ಕೆ ಕಟ್ಟಲು ಹೋದೆ. ಅಪ್ಪ ಕಾರಿನ ಮುಚ್ಚಳ ಎತ್ತಿ ಹಿಡಿದ.

"ಹೊರಗ ಕಟ್ಟಿದ್ರ ದಾರ್ಯಾಗ ಹರದು ಬೀಳತೈತಿ. ಒಳಗ ಕಟ್ಟು. ಆ ಸಣ್ಣ ಕೈ ಐತಿ ನೋಡು, ಅದಕ್ಕ."

ಬೆರಳಿನಷ್ಟು ಉದ್ದದ ಕಬ್ಬಿಣದ ಕೈ ಅದು. ಅಪ್ಪ ತೋರಿಸಿದ್ದಕ್ಕೆ ಕಟ್ಟಿದೆ, ಮೂರು ಗಂಟು ಹಾಕಿದೆ, ಕುಂಕುಮ ಹಚ್ಚಿದೆ. ದಶಮಿಯ ದಿನ ಅಪ್ಪ ಕಾರನ್ನು ಪೇಟೆಯಲ್ಲಿ ಒಂದು ಸುತ್ತು ತಿರುಗಿಸಿಕೊಂಡು ಬಂದ. ಮರುದಿನ ಬೆಳಗ್ಗೆ ಚಾಲೂ ಮಾಡಿದಾಗ ನಾನು ಪಡಸಾಲೆಯಲ್ಲಿ ತಲೆ ಬಾಚಿಸಿಕೊಳ್ಳುತ್ತಾ ಕೂತಿದ್ದೆ. ಗೂಡಿನ ತಂಬಿಗೆ ಸುಮ್ಮನಿತ್ತು. ಅಂಕಣದಲ್ಲಿ ಎಂಜಿನ್ ಯಾರೂ ತುಳಿಯದೆಯೇ ಒಂದೇ ಸಮನೆ ಅರಚುತ್ತಿತ್ತು.

ಅಷ್ಟರಲ್ಲೇ ಮಾಮ ಸಿರುಗುಪ್ಪದಿಂದ ಬಂದ. ಕೈಯಲ್ಲಿ ಬನ್ನಿ ಎಲೆ ಹಿಡಿದವನು ಅದನ್ನು ಯಾರಿಗೂ ಕೊಡುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತು ಸದ್ದು ಕೇಳಿ ಹೇಳಿದ.

"ಭಾವಾ, ಕಾಲ ತಗೀರಿ."

"ಕಾಲ ಇಟ್ಟೇ ಇಲ್ಲಪಾ" ಎಂದ ಅಪ್ಪ, ಎರಡೂ ಕಾಲನ್ನು ಹೊರಗೆ ಚಾಚಿ ತೋರಿಸಿ.

ಮಾಮ ಕೆಲಸ ಮಾಡುವ ರೀತಿ ನನಗೆ ಇಂದಿಗೂ ಅಚ್ಚರಿ. ಕೆಟ್ಟಿದೆ ಎಂದ ಕೂಡಲೇ ಬಿಚ್ಚಲು ಕೂರುವವನಲ್ಲ ಅವನು. ಡೀಸೆಲ್ ಹಾಯಿಸುವ ಪಂಪಿನ ಕಡೆ ನೋಡಲೇ ಇಲ್ಲ. ಪಂಪು ಕೆಟ್ಟಿದ್ದರೆ ಸದ್ದು ಏರಿಳಿಯುತ್ತದೆ, ಇದು ಒಂದೇ ಸಮ ಇದೆ ಎಂದ. ಮೊದಲು ಕಾಲಿನ ತುಳಿಗೆಯಿಂದ ಬರುವ ಸರಳನ್ನು ಕಳಚಿದ. ಸದ್ದು ಇಳಿಯಲಿಲ್ಲ, ಅಂದರೆ ತಪ್ಪು ತುಳಿಗೆಯದಲ್ಲ. ಗಾಳಿ ಹೋಗುವ ಕೊಳವೆಯ ಕೂಡುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟು ಎಲ್ಲಾದರೂ ಒಳಕ್ಕೆ ಹೀರುತ್ತದೆಯೇ ನೋಡಿದ, ಇಲ್ಲ. ಆಮೇಲೆ ಬೀಡಿ ಕಟ್ಟಿನ ಕಾಗದವನ್ನು ಹರಿದು ನನಗೆ ಕೊಟ್ಟ. ತುಳಿಗೆಯಿಂದ ಕಾಲು ತೆಗೆದಾಗ ಆ ಸಣ್ಣ ಕೈ ಹಿಂದಕ್ಕೆ ಬಂದು ಒಂದು ಸ್ಕ್ರೂ ತುದಿಯ ಮೇಲೆ ಕೂರಬೇಕು, ಆಗಲೇ ಎಂಜಿನ್ ನಿಧಾನವಾಗುವುದು. ನಡುವೆ ಕಾಗದ ತೂರಿಸು, ಬಿಗಿ ಹಿಡಿದರೆ ಕೈ ಕೂತಿದೆ, ಸಡಿಲ ಬಂದರೆ ಕೂತಿಲ್ಲ ಎಂದ. ನನ್ನ ಬೆರಳು ಸಣ್ಣವು, ಸಲೀಸಾಗಿ ಒಳಗೆ ಹೋದವು. ಕಾಗದ ಎಲ್ಲೂ ತಡೆಯದೆ ಹೊರಗೆ ಬಂತು. ಮಾಮ ಬಗ್ಗಿ ನೋಡಿದ. ಎಣ್ಣೆ ಕುಡಿದು ಕಪ್ಪಾಗಿ, ಎಂಜಿನ್ನಿನದೇ ಭಾಗವೆಂಬಂತೆ ನನ್ನ ಅರಿಸಿನ ಕೊಂಬು ಕಾರಿನ ಅಲುಗಾಟಕ್ಕೆ ಸರಿದು ಆ ಕೈ ಮತ್ತು ಸ್ಕ್ರೂ ನಡುವೆ ಸಿಕ್ಕಿಕೊಂಡಿತ್ತು.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮಾಮ ನಕ್ಕುಬಿಟ್ಟ.

"ಅಳತಿ ಯಾಕಲೇ? ರೋಗ ಸಿಕ್ತು. ಬಿಚ್ಚೋದೂ ಬ್ಯಾಡ, ಒಂದ ಕಾಳಿನಷ್ಟು ಸರಿಸಿದ್ರ ಮುಗೀತು."

ಪಡಸಾಲೆಯಿಂದ ಅಜ್ಜಿ ಕೂಗಿದಳು. ಕೂಗಿದಳೆಂದರೆ ಬೀದಿಗೆ ಕೇಳುವಂತೆ.

"ಮುಟ್ಟಬ್ಯಾಡ! ಸರಿಸಿದ್ರ ಪೂಜಿ ವಿಸರ್ಜನ ಆದಂಗ. ಹುಣ್ಣಿಮಿ ತನಕ ಯಾರೂ ಮುಟ್ಟಂಗಿಲ್ಲ."

"ಅಮ್ಮಾ, ಕಾರ ಓಡಿದ್ರ ಅದೂ ಸರಿದಂಗಲ್ಲೇನು?"

"ದೇವರು ಪಲ್ಲಕ್ಕ್ಯಾಗ ಕುಂತು ಊರೆಲ್ಲಾ ತಿರಗತಾನ. ಆದ್ರ ಕಲಶ ಒಂದ ಗೇಣ ಸರಿಸಿ ನೋಡು, ಪೂಜಿ ಮುಗಿದಂಗ. ನಿಮ್ಮ ಸಿರುಗುಪ್ಪ್ಯಾಗ ಇಷ್ಟೂ ಕಲಿಸಿಲ್ಲೇನು?"

ಕಲಶವನ್ನು ಸ್ವಲ್ಪ ಸರಿಸಿ ಪೂಜೆ ಮುಗಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತೇ, ಹಾಗಾಗಿ ಮಾಮ ಎದುರಾಡಲಿಲ್ಲ, ಅಪ್ಪನ ಮುಖ ನೋಡಿದ. ಅಪ್ಪ ಪೇಟೆಯಲ್ಲಿ ಹೊಸಕಾಲದವನು, ಮದ್ರಾಸಿನ ಪೇಪರು ಓದುವವನು. ಮನೆಯೊಳಗೆ ಮಾತ್ರ ತನ್ನ ಅಪ್ಪ ಸತ್ತ ವರ್ಷವನ್ನು ಮರೆತವನಲ್ಲ. ಹುಣ್ಣಿಮೆಗೆ ಇನ್ನು ನಾಲ್ಕು ದಿನ ತಾನೇ ಎಂದ. ಹಾಗಾದರೆ ನಾಲ್ಕು ದಿನ ಕಾರು ಹೊರಗೆ ತೆಗೆಯಬೇಡಿ, ಕ್ಲಚ್ ಬಿಟ್ಟರೆ ಕುದುರೆಯ ಹಾಗೆ ನೆಗೆಯುತ್ತದೆ, ಯಾರಿಗಾದರೂ ಹೊಡೆಯುತ್ತದೆ ಎಂದು ಮಾಮ ಎರಡೆರಡು ಸಲ ಹೇಳಿದ. ಅಪ್ಪ ಒಪ್ಪಿದ. "ಆತಪಾ, ತಗ್ಯಂಗಿಲ್ಲ" ಎಂದು ಎಲ್ಲರ ಮುಂದೆ ಹೇಳಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆ ಮಾತು ನಂಬಿ ಮಾಮ ಮರುದಿನ ತೆಕ್ಕಲಕೋಟೆಯ ಗಿರಣಿಯೊಂದರ ಎಂಜಿನ್ ನೋಡಲು ಹೋದ.

ಅವನು ಹೋದ ದಿನವೇ ಶೆಟ್ಟರಿಂದ ಹೇಳಿಕೆ ಬಂತು. ಅವರ ಅಕ್ಕನ ಗಂಡ ಕುರುಗೋಡಿಗೆ ಹೋಗಬೇಕು, ಕಾರು ಬೇಕು. ಶೆಟ್ಟರಿಗೆ ಇಲ್ಲವೆನ್ನುವುದು ಅಪ್ಪನ ಕೈಲಾಗದ ಕೆಲಸ. ಕಂಕಣದ ಕಾರಣ ಹೇಳಿದರೆ ಡೀಸೆಲ್ ಕಾರನ್ನು ನೋಡಿ ಮೊದಲೇ ನಗುತ್ತಿದ್ದವರು ಇನ್ನಷ್ಟು ನಗುತ್ತಾರೆ ಎಂಬ ನಾಚಿಕೆ ಬೇರೆ. ಅತ್ತ ದರಿ, ಇತ್ತ ಪುಲಿ. ಅವ್ವ ಬಾಗಿಲಿಗೆ ಬಂದು "ಈರಣ್ಣಗ ಏನಂದಿದ್ರಿ?" ಎಂದು ಕೇಳುತ್ತಿದ್ದಂತೆಯೇ ಅಪ್ಪ ಕಾರು ಹೊರಗೆ ತೆಗೆದ. ಕುರುಗೋಡಿನವರೆಗೆ ಏನೂ ಆಗಲಿಲ್ಲ. ಅಲ್ಲಿ ಜನರನ್ನು ಇಳಿಸುವಾಗ ಅಪ್ಪ ಗೇರಿನಲ್ಲಿಟ್ಟು ಕ್ಲಚ್ ತುಳಿದು ಕೂತಿದ್ದ. ಶೆಟ್ಟರ ಭಾವನವರು ಪೆಟ್ಟಿಗೆ ತೆಗೆದುಕೊಳ್ಳಲು ಕಾರಿನ ಮುಂದಿನಿಂದ ಸುತ್ತಿ ಬಂದರು. ಅಪ್ಪನ ಕಾಲು ಜಾರಿತು. ಬೇರೆ ದಿನವಾಗಿದ್ದರೆ ಎಂಜಿನ್ ಕೆಮ್ಮಿ ಆರಿಬಿಡುತ್ತಿತ್ತು. ಅವತ್ತು ಕಾರು ನೆಗೆದು ಅವರನ್ನು ಕಲ್ಲಿನ ಕಟ್ಟೆಗೆ ಒತ್ತಿತು. ಅವರ ಕಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಮರುದಿನ ಬೆಳಗ್ಗೆ ಮುಖ ತೊಳೆಯಲು ಎದ್ದು ಬಂದೆ. ಅಂಕಣದಲ್ಲಿ ಅಪ್ಪ ಒಬ್ಬನೇ ಇದ್ದ. ಕಾರಿನ ಮುಚ್ಚಳ ಎತ್ತಿತ್ತು. ಕ್ಷೌರದ ಬ್ಲೇಡಿನಿಂದ ದಾರ ಕೊಯ್ದು, ಕೊಂಬನ್ನು ಕಿತ್ತು ಬನಿಯನ್ನಿನ ಜೇಬಿಗೆ ಹಾಕಿಕೊಂಡ. ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು. ನನ್ನನ್ನು ನೋಡಿ ಹತ್ತಿರ ಕರೆದ. ಯಾವತ್ತೂ ಕರೆಯದ ಪೂರ್ತಿ ಹೆಸರಿನಲ್ಲಿ ಕರೆದ.

"ಶಾರದಾ, ನೀ ಕಂಕಣ ಮುಂದಿನ ದೀಪಕ್ಕ ಕಟ್ಟಿದ್ದಿ. ತಿಳೀತೇನು?"

"ನೀನ ಹೇಳಿದ್ದಿ ಅಲ್ಲಪಾ, ಒಳಗ ಕಟ್ಟು ಅಂತ…"

"ದೀಪಕ್ಕ ಕಟ್ಟಿದ್ದಿ. ನಿನ್ನ ಸಲುವಾಗೇ ಹೇಳ್ತೀನಿ. ಒಬ್ಬರ ಕಾಲ ಮುರದೈತಿ. ನೀ ಕಟ್ಟಿದ ದಾರದಿಂದ ಮುರೀತು ಅಂದ್ರ ನಿನ್ನ ಏನಂತಾರ ಪ್ಯಾಟ್ಯಾಗ?"

ಅಪ್ಪನ ಕೈ ನನ್ನ ತಲೆಯ ಮೇಲಿತ್ತು. ಆ ಕೈ ನನ್ನ ರಕ್ಷಣೆಗೆ ಇದೆ ಎಂದೇ ನಾನು ನಂಬಿದೆ. ಅದಕ್ಕಾಗಿಯೇ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಹೆದರಿಸಿ ಸುಳ್ಳು ಹೇಳಿಸಿದ್ದರೆ ಮರೆಯಬಹುದಿತ್ತು. ಪ್ರೀತಿ ತೋರಿಸಿ ಹೇಳಿಸಿದ.

ಹೊತ್ತೇರುವ ಮುಂಚೆ ಶೆಟ್ಟರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕೂತರು. ಮಾಮನೂ ಸುದ್ದಿ ಕೇಳಿ ತೆಕ್ಕಲಕೋಟೆಯಿಂದ ನೇರ ಬಂದ. ಕೈ ಕೂಡ ತೊಳೆದಿರಲಿಲ್ಲ. ಅಜ್ಜಿ ಕಂಬಕ್ಕೆ ಒರಗಿ ಕೂತು ಜಪಸರ ಹಿಡಿದಿದ್ದಳು. ಅವ್ವ ಬಾಗಿಲ ಹಿಂದೆ ಇದ್ದಳು, ಬಳೆಯ ಸದ್ದು ಕೇಳುತ್ತಿತ್ತು. ಶೆಟ್ಟರು ಎತ್ತರದ ದನಿಯವರಲ್ಲ, ತಣ್ಣಗೆ ಕೇಳುವವರು.

"ಏಮಯ್ಯಾ, ನಿಂತ ಕಾರು ಹೆಂಗ ನೆಗೀತು? ಓಡಿಸಾಕ ಬರದ ಮಂದಿ ಕೈಗೆ ಕೊಟ್ಟೆವೋ, ಕಾರ ಸರಿಯಿಲ್ಲೋ? ಒಂದ ಹೇಳು. ಮಂದಿ ಕೂಡಿಸೋ ಕಾರು ಇದು. ತಪ್ಪು ನಿಂದಾದ್ರ ನಾಳಿಂದ ನೀ ಚಕ್ರ ಹಿಡಿಯಂಗಿಲ್ಲ."

ಅಪ್ಪ ನೆಲ ನೋಡುತ್ತಾ ಹೇಳಿದ.

"ಓಡಿಸೋದ್ರಾಗ ತಪ್ಪಿಲ್ರಿ. ಈರಣ್ಣ ಹಬ್ಬದ ಮರುದಿನ ಸ್ಕ್ರೂ ಬಿಗಿ ಮಾಡಿ ಎಂಜಿನ್ ಏರಿಸಿಟ್ಟಿದ್ದ. ನನಗ ಹೇಳಿರಲಿಲ್ಲ. ಇವತ್ತ ಬೆಳಿಗ್ಗೆ ನಾನ ಸರಿ ಮಾಡೀನಿ, ಬೇಕಾದ್ರ ಚಾಲೂ ಮಾಡಿ ತೋರಸ್ತೀನಿ."

ಮಾಮನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ ಎಂದು ಅನಿಸುತ್ತದೆ. ಯಾರೋ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಅಂದಹಾಗೆ ಅಪ್ಪನ ಬಾಯಿ ನೋಡಿದ. ಆಮೇಲೆ ಎದ್ದುಹೋಗಿ ಕಾರಿನ ಮುಚ್ಚಳ ಎತ್ತಿ ನೋಡಿ, ಮುಚ್ಚಿ, ಮೆಟ್ಟಿಲ ಮೇಲೆ ಬಂದು ನಿಂತ.

"ಕಂಕಣ ಎಲ್ಲಿ ಭಾವಾ?"

"ಯಾವ ಕಂಕಣ? ದೀಪಕ್ಕ ಕಟ್ಟಿದ್ದು ಹರದು ಹೋಗೈತಿ."

ಮಾಮ ಅಜ್ಜಿಯ ಕಡೆ ನೋಡಿದ. ಅಜ್ಜಿಯ ಜಪಸರ ಜೋರಾಗಿ ಓಡುತ್ತಿತ್ತು, ಕಣ್ಣು ಮುಚ್ಚಿದ್ದಳು. ಆಗ ಅವನು ನನ್ನನ್ನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ಹಣ ಕಟ್ಟಿದವನು ರಸೀದಿ ತೆಗೆಯುವಾಗ ಇರುವಂಥ ನೆಮ್ಮದಿ ಇತ್ತು.

"ಶೆಟ್ರ, ಇವರ್ಯಾರನ್ನೂ ಕೇಳಬ್ಯಾಡ್ರಿ. ಶಾರಿನ ಕೇಳ್ರಿ. ಸುಳ್ಳ ಹೇಳಾಕ ಬರಂಗಿಲ್ಲ ಆಕಿಗೆ. ಕಾಗದ ಹಾಕಿ ನೋಡಿದಾಕಿ ಆಕೀನ."

ಶೆಟ್ಟರು ನನ್ನನ್ನು ಹತ್ತಿರ ಕರೆದರು. ಕಂಕಣ ಎಲ್ಲಿ ಕಟ್ಟಿದ್ದೆ ಮಗಳೇ ಎಂದರು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ಬಹುಶಃ ನಿಜ ಹೇಳುತ್ತಿದ್ದೆನೋ ಏನೋ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತ್ತು.

"ದೀಪಕ್ಕ" ಎಂದೆ.

ಮಾಮ ಬೈಯಲಿಲ್ಲ, ಆಣೆ ಮಾಡಲಿಲ್ಲ. "ಆತು ಬಿಡ್ರಿ, ಸ್ಕ್ರೂ ನಾನ ಏರಿಸಿದ್ದೆ" ಎಂದುಬಿಟ್ಟ. ತಾನು ಹಾಗೆ ಹೇಳದಿದ್ದರೆ ಮುಂದಿನ ಪ್ರಶ್ನೆ ಮತ್ತೆ ನನಗೆ ಬರುತ್ತಿತ್ತು ಎಂದು ಅವನಿಗೆ ಗೊತ್ತಿತ್ತು. ಅದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ. ಪಾನಾಗಳನ್ನು ಗೋಣಿಯಲ್ಲಿ ಸುತ್ತಿದ. ಅವ್ವ ತಾಟಿಗೆ ರೊಟ್ಟಿ ಹಾಕಿಟ್ಟಿದ್ದಳು, ಉಣ್ಣದೆ ಹೋದ. ಕೈ ಕೆಟ್ಟ ಮೇಸ್ತ್ರಿ ಎಂದು ಪೇಟೆಯಲ್ಲಿ ಹೆಸರಾಯಿತು. ಬಳ್ಳಾರಿಯಲ್ಲಿ ಯಾರೂ ಅವನನ್ನು ಎಂಜಿನ್ ಮುಟ್ಟಲು ಕರೆಯಲಿಲ್ಲ. ಅಪ್ಪ ಚಕ್ರ ಹಿಡಿದುಕೊಂಡೇ ಇದ್ದ. ಆ ಭಾನುವಾರ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದ. ನಾನು ತಿಂದೆ. ತಿಂದದ್ದನ್ನೂ ಇಲ್ಲಿ ಬರೆಯಬೇಕು, ಇಲ್ಲದಿದ್ದರೆ ಇದು ಬರೀ ಅಪ್ಪನ ಮೇಲಿನ ದೂರು ಆಗುತ್ತದೆ.

ಬೇಸಿಗೆಯಲ್ಲಿ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೋದಳು. ಮಾಮ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವ ಕೆಲಸದಲ್ಲಿದ್ದ. ಉಗುರು ಬೆಳ್ಳಗಾಗಿದ್ದವು. ನನ್ನನ್ನು ನೋಡಿ ನಕ್ಕ, ಉಂಡೆಯಾ ಎಂದು ಕೇಳಿದ, ಬೆಲ್ಲ ಕೊಟ್ಟ. ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಮೂರು ದಿನ ನಾನು ಅವನ ಸುತ್ತ ಸುಳಿದೆ. ಗಿರಣಿಯ ಎಂಜಿನ್ ವಿಷಯ ತೆಗೆದರೆ ಏನೋ ಕೆಲಸ ನೆನಪಾಗಿ ಎದ್ದುಹೋಗುತ್ತಿದ್ದ. ನಾಲ್ಕನೆಯ ದಿನ ಅವ್ವ ಮತ್ತು ನಾನು ಬಂಡಿಯಲ್ಲಿ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆವು. ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ನಾ ಅವತ್ತ ಸುಳ್ಳ ಹೇಳಿದೆ."

ಅವ್ವ ಬಟ್ಟೆ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ನಿಮ್ಮಪ್ಪ ದಾರ ಕೊಯ್ಯೋದನ್ನ ಅಡಗಿಮನಿ ಬಾಗಲಾಗಿಂದ ನೋಡೀನಿ. ನಿನಗ ಹೇಳಿಕೊಟ್ಟಿದ್ದೂ ಕೇಳೀನಿ."

"ಮತ್ತ ನೀ ಯಾಕ ಹೇಳಲಿಲ್ಲ? ನಿನ್ನ ತಮ್ಮ ಅಲ್ಲೇನವ್ವಾ ಅವ?"

"ನಾ ಹೇಳಿದ್ರ ಗಂಡನ ಮರ್ಯಾದಿ ಕಳದು ತಮ್ಮನ್ನ ಹಿಡಕೊಂಡ್ಲು ಅಂತಿದ್ರು. ನಾ ಮತ್ತ ಆ ಮನ್ಯಾಗ ಬಾಳೇ ಮಾಡಬೇಕಲ್ಲ. ನೀ ಸಣ್ಣಾಕಿ. ನೀ ಹೇಳಿದ್ರ ಯಾರೂ ಏನೂ ಅಂತಿರಲಿಲ್ಲ. ನೀ ಹೇಳ್ತಿ ಅಂತ ಬಾಗಲ ಹಿಂದ ಕಾಯಕೋತ ನಿಂತಿದ್ದೆ."

ಹೇಳುವಾಗ ಅವಳ ದನಿಯಲ್ಲಿ ಸಣ್ಣ ಆಕ್ಷೇಪಣೆ ಇತ್ತು, ಕೊಟ್ಟ ಕೆಲಸ ಮಾಡದೆ ಬಂದ ಮಗಳಿಗೆ ಹೇಳುವಂಥದ್ದು. ಅಪ್ಪ ಮಾಡಿದ್ದು ಮೋಸ, ಅಜ್ಜಿ ಮಾಡಿದ್ದು ಮೋಸ, ಅವೆರಡೂ ನನಗೆ ಆಗಲೇ ಗೊತ್ತಿದ್ದವು. ಇದೊಂದು ಗೊತ್ತಿರಲಿಲ್ಲ. ಎಂಟು ತಿಂಗಳು ನಾನೊಬ್ಬಳೇ ಕಳ್ಳಿ ಎಂದುಕೊಂಡು ರಾತ್ರಿ ಅವಳ ಮಗ್ಗುಲಲ್ಲೇ ಮಲಗಿ, ಅವಳಿಗೆ ಗೊತ್ತಾಗದಿರಲಿ ಎಂದು ಬಾಯಿಗೆ ಹೊದಿಕೆ ತುರುಕಿಕೊಂಡು ಅತ್ತಿದ್ದೆ. ಅವಳು ಎಚ್ಚರವಾಗಿಯೇ ಇದ್ದಳು.

ಅವ್ವ ಸೀರೆಯನ್ನು ನೀರಿನಿಂದೆತ್ತಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಹಿಡಿ, ಹಿಂಡೋಣು."

ಅವಳು ಆ ಕಡೆಯಿಂದ ತಿರುವತೊಡಗಿದಳು. ನಾನು ಕೈ ಬಿಟ್ಟೆ. ಒದ್ದೆ ಸೀರೆ ಮರಳಿನ ಮೇಲೆ ಬಿತ್ತು. ಅವ್ವ ನನ್ನ ಮುಖ ನೋಡಿದಳು, ಬಗ್ಗಿ ಸೀರೆ ಎತ್ತಿಕೊಂಡು ಮತ್ತೆ ನೀರಿಗಿಳಿದಳು.